ನಮ್ಮ ಮನೆಗಳ ಬಟ್ಟೆ, ನಮ್ಮೂರಿನ ಮಗ್ಗ

ರಜತ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನ ಕೊಡಬೇಕೆಂದು ಸಂಘದ ಅಧ್ಯಕ್ಷರೂ ಕಾರ್ಯದರ್ಶಿಯವರೂ ಮನೆಗೇ ಬಂದು ಕೇಳಿದಾಗ ನಾನು ಮೊದಲು ಹಿಂಜರಿದೆ. ಸಾಲ, ಠೇವಣಿ, ಲಾಭಾಂಶದ ಲೆಕ್ಕ ಬರೆಯಲು ನನಗಿಂತ ಬಲ್ಲವರಿದ್ದಾರೆ. "ಅದೆಲ್ಲ ಬೇರೆಯವರು ಬರೀತಾರೆ ಮಾಸ್ಟ್ರೇ, ನೀವು ಹಳೇ ಕಾಲದ್ದು ಏನಾದ್ರೂ ಬರೆದು ಕೊಡಿ" ಎಂದರು. ಹಳೇ ಕಾಲದ್ದು ಎಂದರೆ ನಮ್ಮಲ್ಲಿ ಸಾಮಾನ್ಯವಾಗಿ ದೇವಸ್ಥಾನ, ಬಸದಿ, ಕಂಬಳ, ಗುತ್ತಿನ ಮನೆ ಇವುಗಳ ಚರಿತ್ರೆ. ಅದನ್ನು ನಮ್ಮ ಭಾಗದ ವಿದ್ವಾಂಸರು ಬೇಕಾದಷ್ಟು ಬರೆದಿದ್ದಾರೆ. ಆದ್ದರಿಂದ ನಾನು ಮನೆಯೊಳಗಿನ ಒಂದು ವಸ್ತುವಿನ ಚರಿತ್ರೆ ಬರೆಯಬೇಕೆಂದುಕೊಂಡೆ. ಅದು ಸೀರೆ. ಅದರಲ್ಲೂ ಈಗ ಎಲ್ಲರೂ "ಉಡುಪಿ ಸೀರೆ" ಎಂದು ಹೆಸರಿಟ್ಟು ಕರೆಯುವ ನಮ್ಮ ಕೈಮಗ್ಗದ ಹತ್ತಿ ಸೀರೆ.

ಇದಕ್ಕೆ ಕಾರಣವೂ ಇದೆ. ಕಳೆದ ವರ್ಷ ನಮ್ಮ ಅಮ್ಮ ತೀರಿಕೊಂಡ ಮೇಲೆ ಅವಳ ತಗಡಿನ ಟ್ರಂಕನ್ನು ನಾನೂ ನನ್ನ ಅಕ್ಕನೂ ಕೂತು ಬಿಚ್ಚಿದೆವು. ಮೇಲೆ ಮಕ್ಕಳು ಮೊಮ್ಮಕ್ಕಳು ಕೊಟ್ಟ ಸಿಂಥೆಟಿಕ್ ಸೀರೆಗಳು, ಹೆಚ್ಚಿನವು ಮಡಿಕೆಯೇ ಮುರಿಯದವು. ಅದರ ಕೆಳಗೆ ಅಪ್ಪ ನೇಯ್ದ ಎರಡು ಸೀರೆ. ಒಂದು ಎಲೆಹಸುರು ಮೈ, ಕುಂಕುಮದ ಬಣ್ಣದ ಅಂಚು. ಇನ್ನೊಂದು ಚೌಕುಳಿಯದು, ಉಟ್ಟು ಉಟ್ಟು ಬಲೆಯ ಹಾಗೆ ತೆಳ್ಳಗಾದದ್ದು. ತೀರಾ ಅಡಿಯಲ್ಲಿ ಹಳೆ ಸೀರೆಗಳನ್ನು ಒಂದರ ಮೇಲೊಂದು ಇಟ್ಟು ಹೊಲಿದ ಹೊದಿಕೆ, ಕಾಗದದಲ್ಲಿ ಸುತ್ತಿದ ಹತ್ತು ಹನ್ನೆರಡು ಕಂಡಿಕೆ, ಅಪ್ಪನ ನೇಕಾರರ ಸಂಘದ ಪಾಸ್ ಪುಸ್ತಕ ಮತ್ತು ಅಮ್ಮನ ಬೀಡಿ ಪಾಸ್ ಪುಸ್ತಕ. ಅಕ್ಕ ಹೊದಿಕೆಯನ್ನು ಬಿಡಿಸಿ ನೋಡಿ, "ಇದು ನನ್ನ ತೊಟ್ಟಿಲು ಕಟ್ಟಿದ ಸೀರೆ ಅಲ್ವಾ?" ಎಂದಳು. ಹೌದೋ ಅಲ್ಲವೋ ಹೇಳಲು ಅಮ್ಮ ಇರಲಿಲ್ಲ.

ಹಿಂದಿನ ಕಾಲದಲ್ಲಿ ಒಂದು ಸೀರೆ ಮನೆಗೆ ಬಂದರೆ ಅದು ಎಷ್ಟು ಜನ್ಮ ಎತ್ತುತ್ತಿತ್ತು ಎಂಬುದು ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಮೊದಲು ಅದು ಮದುವೆ, ಕೋಲ, ತೇರಿಗೆ ಹೋಗುವಾಗ ಉಡುವ ಸೀರೆ. ಬಣ್ಣ ಸ್ವಲ್ಪ ಮಾಸಿದ ಮೇಲೆ ಮನೆಯಲ್ಲಿ ಉಡುವುದು. ಆಮೇಲೆ ಗದ್ದೆಗೆ ಇಳಿಯುವಾಗ ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿ ಉಡುವುದು. ನಡುವಿನಲ್ಲಿ ಹರಿದರೆ ಹರಿದಲ್ಲಿ ಕತ್ತರಿಸಿ, ಎರಡು ತುದಿ ಜೋಡಿಸಿ ಹೊಲಿದು ಮತ್ತೆ ಉಡುವುದು. ಮಗು ಹುಟ್ಟಿದರೆ ಅದೇ ಸೀರೆ ಜಂತಿಗೆ ಕಟ್ಟಿದ ತೊಟ್ಟಿಲು. ಹೊಸ ಬಟ್ಟೆ ಮಗುವಿನ ಮೈಗೆ ಚುಚ್ಚುತ್ತದೆ, ನೂರು ಸಲ ಒಗೆದ ಸೀರೆಯೇ ಆಗಬೇಕು. ಎಪ್ರಿಲ್ ಮೇ ತಿಂಗಳಲ್ಲಿ ಅಂಗಳದಲ್ಲಿ ಹಲಸಿನ ಹಪ್ಪಳ, ಸಂಡಿಗೆ ಒಣಗಿಸಲು ಹಾಸುವುದೂ ಹಳೆ ಸೀರೆಯೇ. ಉಪ್ಪಿನಕಾಯಿ ಭರಣಿಯ ಬಾಯಿಗೆ ಕಟ್ಟಲು ಒಂದು ತುಂಡು, ಗಂಜಿ ಬಸಿಯಲು ಒಂದು ತುಂಡು, ಒಲೆಯಿಂದ ಪಾತ್ರೆ ಇಳಿಸಲು ಮಸಿಬಟ್ಟೆ, ಹೆಂಗಸರ ತಿಂಗಳ ಬಟ್ಟೆ. ಉಳಿದದ್ದು ಹೊದಿಕೆಯ ಒಳಗೆ. ಕೊನೆಯ ಚಿಂದಿ ದೀಪದ ಬತ್ತಿ. ಸೀರೆ ಹೀಗೆ ಉರಿದು ಹೋಗುತ್ತಿತ್ತೇ ಹೊರತು ಕಸಕ್ಕೆ ಹೋಗುತ್ತಿರಲಿಲ್ಲ.

ಸೀರೆಯ ಬಣ್ಣದಲ್ಲಿ ಮನೆಯ ಸುಖದುಃಖವೂ ಇತ್ತು. ಮಡಿ ಹೆಂಗಸರು ಎಂದು ಕರೆಯಲ್ಪಡುತ್ತಿದ್ದ ಬ್ರಾಹ್ಮಣ ವಿಧವೆಯರು ಜೀವಮಾನವಿಡೀ ಕೆಂಪು ಸೀರೆಯಲ್ಲೇ ಕಳೆದದ್ದನ್ನು ನಮ್ಮ ತಲೆಮಾರಿನವರು ಕಣ್ಣಾರೆ ಕಂಡಿದ್ದೇವೆ. ನೇಯುವವನಿಗೆ ಅದು ಅಂಚಿಲ್ಲದ, ಸುಲಭದ ಕೆಲಸ. ಉಟ್ಟವರ ಕತೆ ಬೇರೆ.

ತುಳುವಿನಲ್ಲಿ ಬಟ್ಟೆಗೆ "ಕುಂಟು" ಎನ್ನುತ್ತೇವೆ. ಕುಂಟು ನೇಯುವವರು ಈ ಕರಾವಳಿಯಲ್ಲಿ ಯಾವಾಗಿನಿಂದ ಇದ್ದರು ಎಂದು ಕೇಳಿದರೆ, ವಿಜಯನಗರ ಕಾಲದ ಶಾಸನಗಳಲ್ಲಿ "ಮಗ್ಗದೆರೆ" ಎಂಬ ತೆರಿಗೆಯ ಮಾತು ಬರುತ್ತದೆ. ಮಗ್ಗಕ್ಕೆ ತೆರಿಗೆ ಹಾಕಬೇಕಾದರೆ ಮಗ್ಗಗಳು ಲೆಕ್ಕಕ್ಕೆ ಸಿಗುವಷ್ಟು ಇದ್ದಿರಬೇಕಲ್ಲ! ನಮ್ಮ ಕಡೆ ಈ ಕಸುಬು ಮುಖ್ಯವಾಗಿ ಪದ್ಮಶಾಲಿ ಸಮಾಜದ್ದು, ಶೆಟ್ಟಿಗಾರರದ್ದು. ಕಾಪು, ಉಡುಪಿಯ ಕಿನ್ನಿಮೂಲ್ಕಿ ಮೊದಲಾದ ಕಡೆ ಈ ಸಮಾಜದವರ ವೀರಭದ್ರ ದೇವಸ್ಥಾನಗಳಿವೆ. ದೇವಸ್ಥಾನದ ಸುತ್ತ ಒಕ್ಕಲು, ಒಕ್ಕಲಿನ ಮನೆಯಲ್ಲಿ ಮಗ್ಗ. ನಾನು ಸಣ್ಣವನಿದ್ದಾಗ ಬೆಳಿಗ್ಗೆ ಶಾಲೆಗೆ ಹೋಗುವ ದಾರಿಯಲ್ಲಿ ನಾಲ್ಕು ಮನೆಯಿಂದಾದರೂ ಮಗ್ಗದ "ಟಕ್ ಟಕ್" ಕೇಳುತ್ತಿತ್ತು. ಈಗ ಅದೇ ದಾರಿಯಲ್ಲಿ ಹೋದರೆ ಟಿ.ವಿ. ಧಾರಾವಾಹಿಯ ಅಳು ಕೇಳುತ್ತದೆ.

ಮಗ್ಗದ ರೂಪ ಬದಲಾದದ್ದರಲ್ಲಿ ಬಾಸೆಲ್ ಮಿಶನಿನ ಪಾಲು ದೊಡ್ಡದು. 1834ರಲ್ಲಿ ಮಂಗಳೂರಿಗೆ ಬಂದ ಮಿಶನಿನವರು 1840ರ ದಶಕದಲ್ಲಿ ನೇಯ್ಗೆಯ ಕೆಲಸ ಆರಂಭಿಸಿದರು. 1851ರಲ್ಲಿ ಬಂದ ಜಾನ್ ಹಾಲರ್ ಎಂಬವರು ನೇಯ್ಗೆಯ ಕಸುಬು ಬಲ್ಲವರು. ಕೈಯಿಂದ ಕೈಗೆ ಲಾಳಿ ಎಸೆಯುವ ಬದಲು ಹಗ್ಗ ಎಳೆದರೆ ತಾನೇ ಓಡುವ ಲಾಳಿಯ ಮಗ್ಗ, ಮರದ ಚೌಕಟ್ಟಿನ ಮಗ್ಗ ಮಿಶನಿನ ಕಾರ್ಖಾನೆಗಳಿಂದಾಗಿ ಈ ಭಾಗದಲ್ಲಿ ಹಬ್ಬಿತು. ಪೊಲೀಸರು ಮಿಲಿಟರಿಯವರು ತೊಡುವ ಖಾಕಿಯ ಬಣ್ಣವನ್ನು ಮಂಗಳೂರಿನ ಆ ನೇಯ್ಗೆ ಕಾರ್ಖಾನೆಯಲ್ಲಿ ತಯಾರಿಸಿದ್ದು ಇದೇ ಹಾಲರ್ ಎಂದು ಪ್ರಸಿದ್ಧಿ. ಕಾರ್ಖಾನೆಯ ಕತೆಯನ್ನು ಹೆಚ್ಚು ಬೆಳೆಸುವುದಿಲ್ಲ. ನಮ್ಮ ಮಟ್ಟಿಗೆ ಮುಖ್ಯವಾದದ್ದು ಚೌಕಟ್ಟಿನ ಮಗ್ಗ ಮನೆಗೆ ಬಂದದ್ದು. ಬಯಲುಸೀಮೆಯಲ್ಲಿ ನೆಲದಲ್ಲಿ ಕುಳಿ ತೋಡಿ ಕಾಲು ಇಳಿಬಿಟ್ಟು ನೇಯುತ್ತಾರೆ, ನೆಲದ ತಂಪಿಗೆ ನೂಲು ಕಡಿಯುವುದಿಲ್ಲ. ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ನಮ್ಮಲ್ಲಿ ಕುಳಿ ತೋಡಿದರೆ ಆಷಾಢದಲ್ಲಿ ಅದರಲ್ಲಿ ಕಪ್ಪೆ ಈಜುತ್ತದೆ. ನೂಲಿಗೆ ಬೇಕಾದ ತೇವವನ್ನು ನಮ್ಮ ಗಾಳಿಯೇ ಕೊಡುತ್ತದೆ.

ನೇಯ್ಗೆ ಎಂದರೆ ಮಗ್ಗದ ಮೇಲೆ ಕೂತವನ ಕೆಲಸ ಎಂದು ಜನ ತಿಳಿಯುತ್ತಾರೆ. ಅದು ಸರಿಯಲ್ಲ. ನಮ್ಮ ಮನೆಯ ಕ್ರಮ ಹೇಳುತ್ತೇನೆ. ನೂಲು ಲಡಿಯಾಗಿ ಬರುತ್ತಿತ್ತು. ಅಮ್ಮ ಅದನ್ನು ನೆನೆಸಿ, ತುಳಿದು, ಬಣ್ಣಕ್ಕೆ ಹಾಕಿದ ಮೇಲೆ ಹಿಂಡಿ, ನೆರಳಿನಲ್ಲಿ ಒಣಗಿಸಬೇಕು. ಒಣಗಿದ ಲಡಿಯನ್ನು ರಾಟೆಗೆ ಹಾಕಿ ಸುತ್ತಬೇಕು. ಹಾಸಿಗೆ, ಅಂದರೆ ಉದ್ದಕ್ಕೆ ಹೋಗುವ ಎಳೆಗೆ, ಬೇರೆ. ಹೊಕ್ಕಿಗೆ, ಅಡ್ಡ ಎಳೆಗೆ, ಬೇರೆ. ಹೊಕ್ಕಿನ ನೂಲು ಸುತ್ತಿದ ಸಣ್ಣ ಕೊಳವೆಯೇ ಕಂಡಿಕೆ, ಅದು ಲಾಳಿಯ ಹೊಟ್ಟೆಯೊಳಗೆ ಕೂರುವಂಥದ್ದು. ಅಪ್ಪ ಒಂದು ಸೀರೆ ಮುಗಿಸುವುದರೊಳಗೆ ಎಷ್ಟೋ ಕಂಡಿಕೆ ಖಾಲಿಯಾಗುತ್ತಿತ್ತು. ಕಂಡಿಕೆ ಮುಗಿದು ಮಗ್ಗ ನಿಂತರೆ ಒಳಗಿನಿಂದ "ಆಯ್ತಾ?" ಎಂಬ ಒಂದು ಕೂಗು. ಅಮ್ಮ ಅನ್ನದ ಪಾತ್ರೆ ಬಿಟ್ಟು ಓಡಬೇಕು. ಶಾಲೆಯಿಂದ ಬಂದ ಮೇಲೆ ಅಕ್ಕನೂ ನಾನೂ ಸುತ್ತುತ್ತಿದ್ದೆವು. ಸಡಿಲ ಸುತ್ತಿದರೆ ಲಾಳಿಯಲ್ಲಿ ಸಿಕ್ಕು, ಬಿಗಿ ಸುತ್ತಿದರೆ ಎಳೆ ಕಡಿಯುತ್ತದೆ. ನನ್ನ ಕಂಡಿಕೆ ಯಾವುದು, ಅಕ್ಕನದು ಯಾವುದು ಎಂದು ಅಪ್ಪನಿಗೆ ನೋಡದೆಯೇ ಗೊತ್ತಾಗುತ್ತಿತ್ತು. ಬೈಗುಳ ಬರುತ್ತಿದ್ದದ್ದು ನನಗೆ.

ಸೀರೆಯ ಅಗಲಕ್ಕೆ ಮೂರು ಸಾವಿರಕ್ಕೂ ಮಿಕ್ಕಿ ಹಾಸಿನ ಎಳೆ. ಪ್ರತಿಯೊಂದನ್ನೂ ಕಣ್ಣಿಯಲ್ಲಿ, ಅಚ್ಚಿನಲ್ಲಿ ಪೋಣಿಸಿರಬೇಕು. ಹಳೆ ಹಾಸು ಮುಗಿದಾಗ ಹೊಸ ಹಾಸಿನ ತುದಿಯನ್ನು ಹಳೆಯದರ ತುದಿಗೆ ಒಂದೊಂದಾಗಿ ಹೊಸೆದು ಸೇರಿಸಬೇಕು. ಇದು ಅಮ್ಮನ ಕೆಲಸ. ಬೂದಿ ಮುಟ್ಟಿದ ಬೆರಳಿನಲ್ಲಿ ಹೊಸೆಯುತ್ತಾ ಹೋದರೆ ಗಂಟೂ ಇಲ್ಲ, ಕಾಣುವುದೂ ಇಲ್ಲ. ಗಂಜಿ ಕಾಯಿಸಿ ಅದರ ಹದ ನೋಡುವುದೂ ಅವಳೇ. ಅಪ್ಪ ನೇಯ್ದಷ್ಟು ಭಾಗಕ್ಕೆ ಮಗ್ಗದ ಮೇಲೆಯೇ ಗಂಜಿ ಸವರಿ, ಒಣಗಿದ ಮೇಲೆ ಸುತ್ತಿಕೊಳ್ಳುತ್ತಿದ್ದರು. ಅಂಗಡಿಯಲ್ಲಿ ಗರಿಗರಿಯಾಗಿ ಕಾಣುವ ಸೀರೆ ಒಂದೆರಡು ಒಗೆತದಲ್ಲಿ ಮೆತ್ತಗಾಗಿ ಮೈಗೆ ಹೊಂದಿಕೊಳ್ಳುತ್ತಿದ್ದದ್ದು ಇದರಿಂದ.

ನೂಲಿನ ನಂಬರಿನ ವಿಷಯವನ್ನು ಒಂದು ಮಾತು ಹೇಳಿಬಿಡುತ್ತೇನೆ, ಮಕ್ಕಳು ಓದಿದರೆ ಲೆಕ್ಕ ಮಾಡಿಕೊಳ್ಳಲಿ. 840 ಗಜದ್ದು ಒಂದು ಲಡಿ. ಒಂದು ಪೌಂಡು ತೂಕಕ್ಕೆ ಎಷ್ಟು ಲಡಿ ಬರುತ್ತದೋ ಅದು ನೂಲಿನ ನಂಬರು. 80 ನಂಬರಿನ ನೂಲು ಒಂದು ಪೌಂಡು ತಕ್ಕೊಂಡರೆ 67,200 ಗಜ, ಅಂದರೆ 61 ಕಿಲೋಮೀಟರಿಗೂ ಹೆಚ್ಚು. ಉಡುಪಿಯ ರಥಬೀದಿಯಲ್ಲಿ ಒಂದು ತುದಿ ಹಿಡಿದರೆ ಇನ್ನೊಂದು ತುದಿ ಮಂಗಳೂರು ಮುಟ್ಟುತ್ತದೆ. ಇಂಥ ನೂಲು ಅಮ್ಮನ ಬೆರಳಿನ ನಡುವೆ ದಿನಾ ಹಾದುಹೋಗುತ್ತಿತ್ತು.

ನೇಕಾರನ ಕಷ್ಟ ಮಾತ್ರ ಆಗಲೂ ಇತ್ತು. ನೂಲು ಸಾಹುಕಾರನದು, ನೇಯ್ದದ್ದನ್ನು ಕೊಳ್ಳುವವನೂ ಅವನೇ. ಮಳೆಗಾಲದಲ್ಲಿ ಹಾಸು ಒಣಗದೆ ಕೆಲಸ ನಿಂತರೆ ಊಟಕ್ಕೂ ಸಾಲ. ಈ ಜಿಲ್ಲೆಯ ಒಂದು ದೊಡ್ಡ ಸಂಸ್ಥೆ ಹುಟ್ಟಿದ್ದೇ ಈ ಕಷ್ಟದಿಂದ ಎಂಬುದನ್ನು ನಮ್ಮ ಸದಸ್ಯರಲ್ಲಿ ಅನೇಕರು ಮರೆತಿರಬಹುದು. ಮೊದಲ ಮಹಾಯುದ್ಧದ ನಂತರದ ವರ್ಷಗಳಲ್ಲಿ ಕೈಮಗ್ಗ ಕುಸಿದು ನೇಕಾರರು ಕಂಗಾಲಾದಾಗ ಅವರಿಗೆ ಹಣದ ಸಹಾಯ ಒದಗಿಸಬೇಕೆಂದು ಬಟ್ಟೆಯ ವ್ಯಾಪಾರ ಬಲ್ಲ ಉಪೇಂದ್ರ ಅನಂತ ಪೈಗಳು, ಎಂಜಿನಿಯರ್ ವಾಮನ ಕುಡ್ವರು, ವೈದ್ಯರಾದ ಡಾ. ಟಿ.ಎಂ.ಎ. ಪೈಗಳು ಸೇರಿ 1925ರಲ್ಲಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಆರಂಭಿಸಿದರು. ಬಂಡವಾಳ 8000 ರೂಪಾಯಿ. 1928ರಲ್ಲಿ ಪಿಗ್ಮಿ ಬಂತು, ದಿನಕ್ಕೆ ಎರಡಾಣೆಯಿಂದ ಉಳಿತಾಯ, ಏಜೆಂಟನೇ ಮನೆ ಬಾಗಿಲಿಗೆ ಬರುವುದು. ಇದೇ ಮುಂದೆ ಮಣಿಪಾಲದಲ್ಲಿ ಪ್ರಧಾನ ಕಚೇರಿಯಿದ್ದ ಸಿಂಡಿಕೇಟ್ ಬ್ಯಾಂಕ್ ಆಯಿತು, 1969ರಲ್ಲಿ ರಾಷ್ಟ್ರೀಕರಣವಾಯಿತು, 2020ರ ಎಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಊರಿನ ಮಗ್ಗ ನಿಲ್ಲಬಾರದೆಂದು ಹುಟ್ಟಿದ ಬ್ಯಾಂಕು ದೇಶವಿಡೀ ಬೆಳೆಯಿತು. ಊರಿನ ಮಗ್ಗಗಳು ಮಾತ್ರ ಒಂದೊಂದಾಗಿ ನಿಂತವು.

ಸಹಕಾರಿ ರಂಗವೂ ಸುಮ್ಮನೆ ಕೂತಿರಲಿಲ್ಲ. ಗದಗದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಹಚ್ಚಿದ ದೀಪವನ್ನು ನಮ್ಮ ಜಿಲ್ಲೆಗೆ ತಂದವರು ಮೊಳಹಳ್ಳಿ ಶಿವರಾಯರು, 1909ರಲ್ಲಿ ಪುತ್ತೂರಿನಲ್ಲಿ. ನೇಕಾರರಿಗೂ ಸಂಘಗಳಾದವು. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘ, ಶಿವಳ್ಳಿ ನೇಕಾರರ ಸಂಘ, ಉಡುಪಿಯ ನೇಕಾರರ ಸಂಘ ಹೀಗೆ. ಸಂಘವೇ ನೂಲು ಕೊಡುವುದು, ಸಂಘವೇ ಸೀರೆ, ಬೈರಾಸು, ಪಾಣಿಪಂಚೆ, ಲುಂಗಿ ಕೊಂಡು ಮಾರುವುದು, ನೇಕಾರನಿಗೆ ಮಜೂರಿ. ಸಾಹುಕಾರನ ಕೈಯಿಂದ ತಪ್ಪಿಸಿಕೊಂಡ ನೇಕಾರನಿಗೆ ಇದು ದೊಡ್ಡ ಬಿಡುಗಡೆ. ನಮ್ಮ ಮನೆಯಲ್ಲಿ ಮೊದಲ ಸಲ ದೀಪಾವಳಿಗೆ ಎಲ್ಲರಿಗೂ ಹೊಸ ಬಟ್ಟೆ ಬಂದದ್ದು ಅಪ್ಪ ಸಂಘಕ್ಕೆ ಸೇರಿದ ಮೇಲೆ. ನೇಕಾರನ ಮಕ್ಕಳಿಗೆ ಹೊಸ ಬಟ್ಟೆ ಇಲ್ಲದಿದ್ದದ್ದು ತಮಾಷೆಯಲ್ಲ, ನಿಜ.

ಆದರೆ ಇಲ್ಲಿ ಒಂದು ಮಾತು ಹೇಳದೆ ಇರಲಾರೆ. ಟ್ರಂಕಿನಲ್ಲಿ ಸಿಕ್ಕಿದ ಅಪ್ಪನ ಪಾಸ್ ಪುಸ್ತಕವನ್ನು ನಾನು ಮೊದಲಿನಿಂದ ಕೊನೆಯವರೆಗೆ ಓದಿದೆ. ಎಷ್ಟು ನೂಲು ಕೊಟ್ಟದ್ದು, ಎಷ್ಟು ಸೀರೆ ಬಂದದ್ದು, ಎಷ್ಟು ಮಜೂರಿ, ಎಷ್ಟು ಹಾಳು ಎಂದು ಕಡಿದದ್ದು, ಎಲ್ಲ ಇದೆ. ಸದಸ್ಯರ ಹೆಸರು ಅಪ್ಪನದು. ಅಮ್ಮನ ಹೆಸರು ಎಲ್ಲಿಯೂ ಇಲ್ಲ. ಲಡಿ ಬಿಡಿಸಿದ್ದಕ್ಕೆ, ಕಂಡಿಕೆ ಸುತ್ತಿದ್ದಕ್ಕೆ, ಮೂರು ಸಾವಿರ ಎಳೆ ಹೊಸೆದದ್ದಕ್ಕೆ, ಗಂಜಿ ಕಾಯಿಸಿದ್ದಕ್ಕೆ ಕಲಮು ಇಲ್ಲ. ಆಗಿನ ಲೆಕ್ಕದ ಕ್ರಮವೇ ಹಾಗೆ, ಮಗ್ಗಕ್ಕೊಂದು ಹೆಸರು. ಯಾರನ್ನೂ ದೂರಿ ಫಲವಿಲ್ಲ. ನಾನೂ ಮೂವತ್ತು ವರ್ಷ ಮಾಸ್ಟ್ರಾಗಿದ್ದು "ನನ್ನ ತಂದೆ ನೇಕಾರರು" ಎಂದೇ ಹೇಳಿಕೊಂಡು ಬಂದವನು. ಅಮ್ಮ ಏನು ಎಂದು ಯಾರಾದರೂ ಕೇಳಿದರೆ "ಮನೆಯಲ್ಲೇ" ಎನ್ನುತ್ತಿದ್ದೆ.

ಇನ್ನು ಉಡುಪಿ ಸೀರೆ ಎಂದರೆ ಏನು? ಕಂಚಿಯ ಹಾಗೆ ರೇಷ್ಮೆಯಲ್ಲ, ಇಳಕಲ್ಲಿನ ಹಾಗೆ ತೋಪುತೆನಿ ಸೆರಗಿಲ್ಲ. ಹತ್ತಿ ಸೀರೆ, ಉದ್ದ ಐದೂವರೆ ಮೀಟರು, ಮೈ ಒಂದೇ ಬಣ್ಣದ್ದು ಅಥವಾ ಸಣ್ಣ ಚೌಕುಳಿ, ಅಂಚಿಗೂ ಸೆರಗಿಗೂ ಎದುರು ಬಣ್ಣ, ಅಂಚಿನಲ್ಲಿ ಹೆಚ್ಚುವರಿ ಹಾಸಿನ ಎಳೆಯಿಂದ ಡಾಬಿ ಹಾಕಿ ಮೂಡಿಸಿದ ಸಣ್ಣ ಚಿತ್ತಾರ. ಅಷ್ಟೇ. ದಿನಕ್ಕೆ ಹತ್ತು ಸಲ ಬಾವಿಕಟ್ಟೆಗೂ ಒಲೆಗೂ ಓಡಾಡುವ ಹೆಂಗಸಿಗೆ ಭಾರವಾಗಬಾರದು, ಬೆವರು ಹೀರಬೇಕು, ಕಲ್ಲಿಗೆ ಹೊಡೆದು ಒಗೆದರೂ ತಡೆಯಬೇಕು. ಈ ಮೂರು ಅಗತ್ಯದಿಂದ ಹುಟ್ಟಿದ ಸೀರೆ ಇದು. ಇದರ ಅಂದವೂ ಅಲ್ಲಿಂದಲೇ ಬಂದದ್ದು ಎಂದು ನನ್ನ ಅಭಿಪ್ರಾಯ. ಇದಕ್ಕೆ 2016ರಲ್ಲಿ ಭೌಗೋಳಿಕ ಗುರುತು, ಜಿ.ಐ. ಮಾನ್ಯತೆ, ಸಿಕ್ಕಿತು. ಅಷ್ಟು ಹೊತ್ತಿಗೆ ನೇಯುವವರು ಬೆರಳೆಣಿಕೆಗೆ ಇಳಿದಿದ್ದರು.

ಇಳಿದದ್ದು ಹೇಗೆ? ಒಂದೇ ಕಾರಣ ಹೇಳುವವರ ಮಾತು ನಂಬಬೇಡಿ. ವಿದ್ಯುತ್ ಮಗ್ಗ ಬಂತು, ಅದೇ ಅಂಚು, ಅದೇ ಚೌಕುಳಿ, ಅರ್ಧ ಕ್ರಯ. ಅಂಚಿನಲ್ಲಿ ಚಿತ್ತಾರವಿರುವ ಹತ್ತಿ ಸೀರೆಯನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯಿದೆ 1985ರಲ್ಲಿ ಆಯಿತು, ಆದರೆ ಅಂಗಡಿಯಲ್ಲಿ ಕೂತು ಎಳೆ ಎಣಿಸುವವರು ಯಾರು? 1976ರಲ್ಲಿ ಕೇಂದ್ರ ಸರಕಾರ ಜನತಾ ಬಟ್ಟೆಯ ಯೋಜನೆ ತಂದಿತು. ಬಡವರಿಗೆ ಅಗ್ಗದ ಸೀರೆ, ನೇಕಾರನಿಗೆ ನಿತ್ಯ ಕೆಲಸ, ಉದ್ದೇಶ ಒಳ್ಳೆಯದೇ. ಆದರೆ ದಪ್ಪ ನೂಲಿನ ಸೀರೆಯನ್ನು ಬೇಗ ಬೇಗ ನೇಯ್ದು ಕೊಟ್ಟು ಅಭ್ಯಾಸವಾದ ಕೈಗೆ ತೆಳು ನೂಲಿನ ಕೆಲಸ ಮರೆಯುತ್ತದೆ. ಯೋಜನೆ 1990ರ ದಶಕದಲ್ಲಿ ನಿಂತಾಗ ಹಲವು ಕಡೆ ನೇಕಾರರಿಗೆ ಹಿಂದೆ ಹೋಗಲೂ ದಾರಿ ಇರಲಿಲ್ಲ. ಈ ನಡುವೆ ನೈಲಾನು ಪಾಲಿಯೆಸ್ಟರು ಬಂತು. ಅದನ್ನು ನಾನು ಬೈಯುವುದಿಲ್ಲ. ಗಂಜಿ ಬೇಡ, ಇಸ್ತ್ರಿ ಬೇಡ, ಮಳೆಗಾಲದಲ್ಲಿ ಒಂದು ಗಂಟೆಯಲ್ಲಿ ಒಣಗುತ್ತದೆ. ಒದ್ದೆ ಹತ್ತಿ ಸೀರೆಯನ್ನು ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಹೊಗೆ ತಾಗಿಸಿ ಒಣಗಿಸಿದವರಿಗೆ ಅದರ ಸುಖ ಗೊತ್ತು. ಗಂಡಸರಿಗೆ ಬೊಂಬಾಯಿಯ ಹೋಟೆಲು, ಮಿಲ್ಲು ಕರೆಯಿತು. ಹೆಂಗಸರಿಗೆ ಬೀಡಿ.

ನಮ್ಮ ಅಪ್ಪ 1984ರಲ್ಲಿ ಮಗ್ಗ ನಿಲ್ಲಿಸಿದರು. ಕಣ್ಣು ಮಂಜಾಗಿತ್ತು. ನಾನಾಗಲೇ ಮಾಸ್ಟ್ರು, ಮಗ್ಗದ ಕೆಲಸ ನನಗೆ ಅರ್ಧ ಮಾತ್ರ ಬರುತ್ತಿತ್ತು, ಪೂರ್ತಿ ಕಲಿಯುವ ಮನಸ್ಸೂ ಇರಲಿಲ್ಲ. ಮಗ್ಗವನ್ನು ಬಿಚ್ಚಿ ಅಟ್ಟಕ್ಕೆ ಹಾಕಿದೆವು. ಎರಡು ಮಳೆಗಾಲ ಕಳೆದು ಹಟ್ಟಿಯ ಮಾಡು ಕುಸಿದಾಗ ಅದರ ನಾಲ್ಕು ಕಂಬಗಳನ್ನು ಅಲ್ಲಿಗೆ ನಿಲ್ಲಿಸಿದ್ದು ನಾನೇ. ಒಳ್ಳೆಯ ಹೆಬ್ಬಲಸಿನ ಮರ, ಬೇಗ ಹಾಳಾಗುವಂಥದ್ದಲ್ಲ. ಅಪ್ಪ ನೋಡಿದರು, ಏನೂ ಹೇಳಲಿಲ್ಲ. ಅಮ್ಮ ಮಾತ್ರ ಕಂಡಿಕೆಗಳನ್ನು ಆರಿಸಿ ಒಳಗಿಟ್ಟಳು.

ಆಮೇಲೆ ಅಮ್ಮ ತಡಪೆ ತೊಡೆಯ ಮೇಲೆ ಇಟ್ಟು ಬೀಡಿ ಕಟ್ಟಲು ಕೂತಳು. ವಾರಕ್ಕೆ ಎರಡು ಸಲ ಬ್ರಾಂಚಿಗೆ ಹೋಗಿ ಎಲೆ ಹೊಗೆಸೊಪ್ಪು ತರುವುದು, ಕಟ್ಟಿದ್ದನ್ನು ಕೊಡುವುದು. ಬೀಡಿ ಕಾರ್ಮಿಕರಿಗೆ 1966ರ ಕಾಯಿದೆಯ ರಕ್ಷಣೆ ಇತ್ತು, ಆಮೇಲೆ ಭವಿಷ್ಯನಿಧಿಯೂ ಬಂದಿತ್ತು. ಹಾಗಾಗಿ ಅವಳ ಸ್ವಂತ ಹೆಸರು ಒಂದು ಪುಸ್ತಕದ ಮೇಲೆ ಮೊದಲ ಸಲ ಬಂದದ್ದು ಬೀಡಿಯಿಂದ. ಜೀವಮಾನದ ಕಲೆ ಕೊಡದಿದ್ದನ್ನು ಬೀಡಿ ಕೊಟ್ಟಿತು. ಒಮ್ಮೆ ನಾನು, "ಮಗ್ಗ ನಿಂತದ್ದಕ್ಕೆ ಬೇಜಾರು ಇಲ್ವಾ ಅಮ್ಮ?" ಎಂದು ಕೇಳಿದ್ದೆ. "ಬೇಜಾರು ಎಂತದು ಮಗಾ, ಬೀಡಿಯ ದುಡ್ಡು ನನ್ನ ಕೈಗೇ ಕೊಡ್ತಾರೆ" ಎಂದಿದ್ದಳು. ಮಗ್ಗದ ಬಗ್ಗೆ ಭಾಷಣ ಮಾಡುವವರು ಈ ಮಾತನ್ನೂ ಕೇಳಿಸಿಕೊಳ್ಳಬೇಕು.

ಮನೆಯ ಬದುಕು ಬಟ್ಟೆಯ ಮೇಲೆ ಕಲೆಯಾಗಿ ಮೂಡುವುದು ನಮ್ಮಲ್ಲಿ ಮಾತ್ರ ಅಲ್ಲ. ಧಾರವಾಡದ ಕಡೆಯ ಕಸೂತಿಯಲ್ಲಿ ತುಳಸಿ ಬೃಂದಾವನ, ತೊಟ್ಟಿಲು, ತೇರು, ಗೋಪುರ ಎಲ್ಲ ಬರುತ್ತದೆ. ಅದರ ಹೊಲಿಗೆಗಳ ಹೆಸರೂ ಗವಂತಿ, ಮುರ್ಗಿ, ನೇಯ್ಗಿ, ಮೆಂತಿ. ಅಡುಗೆಮನೆಯ ಮೆಂತೆಯೇ ಸೂಜಿಯ ತುದಿಗೆ ಬಂದಿದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಾಡಿನ ಅಂಚಿನಲ್ಲಿರುವ ಸಿದ್ದಿ ಹೆಂಗಸರು ಹಳೆ ಬಟ್ಟೆಯ ತುಂಡುಗಳಿಂದ ಕೌದಿ ಹೊಲಿಯುತ್ತಾರೆ. ನಾಲ್ಕು ಮೂಲೆಯಲ್ಲಿ "ಫುಲ" ಎಂಬ ಮುಕ್ಕೋನದ ಮಡಿಕೆ ಇಡದೆ ಅವರ ಕೌದಿ ಮುಗಿಯುವುದಿಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಹೆನ್ರಿ ಡ್ರೂವಲ್ ಎಂಬ ಪ್ರಾಧ್ಯಾಪಕರು ಅದನ್ನು ಅಭ್ಯಾಸ ಮಾಡಿ, ಸಿದ್ದಿ ಕೌದಿಗಳನ್ನು ಅಮೆರಿಕದಲ್ಲಿ ಪ್ರದರ್ಶನಕ್ಕೆ ಇಟ್ಟರು. ಚಳಿಗೆ ಹೊದೆಯುವ ಕೌದಿ ಗೋಡೆಯ ಮೇಲೆ ಚಿತ್ರದ ಹಾಗೆ ನೇತಾಡಿತು. ಅಕ್ಕ ಎತ್ತಿ ತೋರಿಸಿದ ನಮ್ಮ ಅಮ್ಮನ ಹೊದಿಕೆಯಲ್ಲಿ ಫುಲವೂ ಇಲ್ಲ, ಚಿತ್ತಾರವೂ ಇಲ್ಲ. ಆದರೆ ಅದರ ನಾಲ್ಕು ಬದಿಗೆ ಬೇರೆ ಬೇರೆ ಸೀರೆಯ ಅಂಚುಗಳನ್ನು ಬಿಡಿಸಿ ಹೊಂದಿಸಿ ಹೊಲಿದಿದ್ದಾಳೆ. ಅದರಲ್ಲಿ ಐದು ನಮೂನೆ ಎಣಿಸಿದೆ. ಅಪ್ಪ ನೇಯ್ದ ಅಂಚುಗಳಲ್ಲಿ ಈಗ ಉಳಿದಿರುವುದು ಈ ಐದು ಮತ್ತು ಟ್ರಂಕಿನ ಎರಡು.

ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ನೀವು ನೋಡಿರಬಹುದು. ಸಿಂಡಿಕೇಟ್ ಬ್ಯಾಂಕಿನಲ್ಲಿ ನೌಕರಿಯಲ್ಲಿದ್ದ ಅವರು ಜನ ಕೆಡವಿ ಹಾಕುತ್ತಿದ್ದ ಹಳೆ ಮನೆಗಳನ್ನು ಒಂದೊಂದೇ ತೊಲೆ, ಕಂಬ, ಹೆಂಚು ನಂಬರು ಹಾಕಿ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. 2017ರಲ್ಲಿ ತೀರಿಕೊಂಡರು. ನಮ್ಮ ಕಾಪು ಕಡೆಯ ಕುಂಜೂರು ಚೌಕಿಮನೆ, ಕಾರ್ಕಳ ಕಡೆಯ ಮಿಯಾರಿನ ಮನೆ ಅಲ್ಲಿವೆ. ಮರ ಹಾಗೆ ಬಿಚ್ಚಿ ಕಟ್ಟಲು ಬರುತ್ತದೆ, ಹಿತ್ತಾಳೆ ತಿಕ್ಕಿದರೆ ಹೊಳೆಯುತ್ತದೆ. ಬಟ್ಟೆಗೆ ಆ ಭಾಗ್ಯ ಇಲ್ಲ. ನಮ್ಮ ಹವೆಯಲ್ಲಿ ಬೂಸ್ಟು ಹಿಡಿಯುತ್ತದೆ, ಜಿರಳೆ ತಿನ್ನುತ್ತದೆ, ಅಷ್ಟರ ಮೊದಲೇ ಅದು ಬತ್ತಿಯಾಗಿ ಉರಿದಿರುತ್ತದೆ. ಉಟ್ಟ ಸೀರೆಯನ್ನು ಉಳಿಸುವುದಕ್ಕಿಂತ ಅದನ್ನು ಇನ್ನೊಮ್ಮೆ ನೇಯುವುದೇ ಸುಲಭ, ನೇಯುವ ಕೈ ಇದ್ದರೆ.

ಆ ಕೈಗಳನ್ನು ಹುಡುಕಿ ಹೊರಟವರು ಕಾರ್ಕಳದ ಕದಿಕೆ ಟ್ರಸ್ಟಿನ ಮಮತಾ ರೈ ಮತ್ತು ಬಿ.ಸಿ. ಶೆಟ್ಟಿ ದಂಪತಿ. 2018ರಲ್ಲಿ ಅವರು ತಾಳಿಪಾಡಿ ನೇಕಾರರ ಸಂಘದ ಜೊತೆ ಕೆಲಸ ಆರಂಭಿಸಿದಾಗ ಅಲ್ಲಿ ಉಳಿದಿದ್ದವರು ಎಂಟು ಮಂದಿ, ಎಲ್ಲರೂ ವಯಸ್ಸಾದ ನೇಕಾರರು. ಮಾರಾಟ ಸುಧಾರಿಸಿತು, ನೇಕಾರರಿಗೆ ಸಿಗುವುದು ಹೆಚ್ಚಿತು, ಮಗ್ಗ ಬಿಟ್ಟುಹೋದವರಲ್ಲಿ ಕೆಲವರು ಮರಳಿದರು, ಹೊಸಬರಿಗೆ ತರಬೇತಿಯೂ ಆಯಿತು. ಅಲ್ಲಿಯ ಎರಡು ಸಂಗತಿ ನನಗೆ ಬಹಳ ಇಷ್ಟವಾಯಿತು. ಒಂದು, ಅಡಿಕೆಯ ಚೊಗರಿನಿಂದ ನೂಲಿಗೆ ಬಣ್ಣ. ಅಡಿಕೆ ಬೇಯಿಸಿ ಉಳಿದ ಕೆಂಪು ನೀರು ಅದು, ಬಟ್ಟೆಗೆ ತಾಗಿದರೆ ಜನ್ಮದಲ್ಲಿ ಹೋಗದ ಕಲೆ ಎಂದು ಹೆಂಗಸರು ಬೈಯುತ್ತಿದ್ದದ್ದು. ಹೋಗದ ಕಲೆ ಎಂದರೆ ಗಟ್ಟಿ ಬಣ್ಣ ಎಂದು ಯಾರಿಗಾದರೂ ಹೊಳೆಯಬೇಕಿತ್ತು, ಹೊಳೆಯಿತು. ಇನ್ನೊಂದು, ಸೀರೆಗೆ ಕಟ್ಟಿದ ಚೀಟಿಯಲ್ಲಿ ನೇಯ್ದವರ ಹೆಸರು, ಭಾವಚಿತ್ರ.

ಹೋದ ದೀಪಾವಳಿ ರಜೆಯಲ್ಲಿ ಮೊಮ್ಮಗಳನ್ನು ಕರೆದುಕೊಂಡು ನಾನು ಕಿನ್ನಿಗೋಳಿಗೆ ಹೋಗಿದ್ದೆ. ಮಗ್ಗದಲ್ಲಿ ಕೂತಿದ್ದದ್ದು ಒಬ್ಬಳು ಹುಡುಗಿ. ನಮ್ಮ ಕಾಲದಲ್ಲಿ ಮಗ್ಗದ ಹಲಗೆಯ ಮೇಲೆ ಹೆಂಗಸು ಕೂತದ್ದನ್ನು ನಾನು ಹೆಚ್ಚು ಕಂಡವನಲ್ಲ. ಅವಳು ಲಾಳಿ ನಿಲ್ಲಿಸಿ, ಕಡಿದ ಒಂದು ಎಳೆಯನ್ನು ಹೊಸೆದು ಸೇರಿಸಿದಳು. ಗಂಟು ಹಾಕಲಿಲ್ಲ. ಅಮ್ಮ ಮಾಡುತ್ತಿದ್ದ ಹಾಗೆಯೇ. ನನ್ನ ಕಿಸೆಯಲ್ಲಿ ಹಳೆಯ ಒಂದು ಕಂಡಿಕೆ ಇತ್ತು, ತೋರಿಸಿದೆ. ತಿರುಗಿಸಿ ನೋಡಿ, "ಬಿಗಿ ಸರಿ ಉಂಟು ಅಜ್ಜಾ, ಯಾರು ಸುತ್ತಿದ್ದು?" ಎಂದು ಕೇಳಿದಳು. ಅಮ್ಮನ ಹೆಸರು ಹೇಳಿದೆ.

ಬರೆಯುತ್ತಾ ಉದ್ದವಾಯಿತು, ಸಂಪಾದಕರು ಕ್ಷಮಿಸಬೇಕು. ಒಂದು ವಿನಂತಿಯಿದೆ. ರಜತ ಮಹೋತ್ಸವದ ಮೂರೂ ದಿನ ಸಂಘದ ಸಭಾಭವನದ ಮಹಡಿಯಲ್ಲಿ ಹಳೆಯ ಕೈಮಗ್ಗದ ಬಟ್ಟೆಗಳನ್ನು ಇಡಲು ಕಾರ್ಯದರ್ಶಿಯವರು ಒಪ್ಪಿದ್ದಾರೆ. ನಿಮ್ಮ ಮನೆಯ ಟ್ರಂಕು, ಅಟ್ಟ, ಕಪಾಟಿನಲ್ಲಿ ಹಳೆ ಸೀರೆ, ಬೈರಾಸು, ಹೊದಿಕೆ, ಅಂಚಿನ ತುಂಡು ಏನಿದ್ದರೂ ತನ್ನಿ. ಹರಿದದ್ದಾದರೂ ಆಗಬಹುದು, ಒಗೆದು ತರಬೇಕೆಂದಿಲ್ಲ. ಒಂದು ಚೀಟಿಯಲ್ಲಿ ಯಾರ ಮನೆಯದು, ಯಾರು ನೇಯ್ದದ್ದು, ಯಾರು ಉಟ್ಟದ್ದು ಮತ್ತು ಕಂಡಿಕೆ ಸುತ್ತಿದವರು ಯಾರೆಂದು ಗೊತ್ತಿದ್ದರೆ ಅದನ್ನೂ ಬರೆದು ಸೂಜಿಯಿಂದ ಚುಚ್ಚಿ ಕೊಡಿ. ಅಂಚುಗಳ ನಮೂನೆಯನ್ನು ಚೌಕುಳಿ ಕಾಗದದ ಮೇಲೆ ಎಳೆ ಎಣಿಸಿ ಬರೆದುಕೊಂಡು ಬಟ್ಟೆಯನ್ನು ನಾಲ್ಕನೆಯ ದಿನ ನಿಮ್ಮ ಕೈಗೇ ಹಿಂದಿರುಗಿಸುತ್ತೇವೆ. ಎಳೆ ಎಣಿಸಲು ನನ್ನ ಅಕ್ಕ ಬರುತ್ತಾಳೆ. ಅವಳ ಕಣ್ಣು ಈಗಲೂ ನನ್ನದಕ್ಕಿಂತ ಚುರುಕು.